ಫೀಸು ಬೇರೆ, ಪೇಡೆ ಬೇರೆ

ಈ ಸಲದ ಪ್ರಶ್ನೆಗಳು ಸಂಗೀತ ಕಲಿಸುವವರಿಂದಲೇ ಬರಲಿ ಎಂದು ಸಂಪಾದಕರು ಕೇಳಿದ್ದರು. ಬಂದವು. ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಧಾರವಾಡದಲ್ಲಿ ಹಾಡು ಕಲಿತವಳು, 1988ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಎರಡು ಕೋಣೆಯ ಮನೆ. ಹೊರಗಿನ ಕೋಣೆಯಲ್ಲಿ ಸಂಜೆ ಐದಕ್ಕೆ ಚಾಪೆ ಹಾಸಿದರೆ ಕ್ಲಾಸು, ಎಂಟಕ್ಕೆ ಸುತ್ತಿದರೆ ಊಟದ ಮನೆ. ಹಿಂದೂಸ್ತಾನಿ ಗಾಯನ, ಪೇಟಿ (ಹಾರ್ಮೋನಿಯಂ), ದಾಸರ ಪದ ಕಲಿಸುತ್ತೇನೆ. ನಡುವೆ ಹನ್ನೊಂದು ವರ್ಷ ಒಂದು ಶಾಲೆಯಲ್ಲೂ ಕಲಿಸಿದ್ದೇನೆ. ದೊಡ್ಡ ಗಾಯಕಿ ಅಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೇದು.

ಪ್ರಶ್ನೆ: ನನಗೆ 29 ವರ್ಷ. ಹೋದ ವರ್ಷ ಸಂಗೀತದ ವಿಶಾರದ ಪರೀಕ್ಷೆ ಮುಗಿಯಿತು. ಐರೋಲಿಯಲ್ಲಿ ಆಫೀಸ್ ಕೆಲಸ. ಅದನ್ನು ಬಿಟ್ಟು ಪೂರ್ತಿ ಸಂಗೀತ ಟೀಚರ್ ಆಗೋಣ ಅಂತಿದ್ದೇನೆ. ಮನೆಯವರು "ಅದರಲ್ಲಿ ಮನೆ ನಡೆಯುತ್ತಾ?" ಅಂತಾರೆ. ಅತ್ತೆಯವರು "ವಿದ್ಯೆ ಮಾರಬಾರದು" ಅಂತಾರೆ. ಯಾರ ಮಾತು ಕೇಳಲಿ? — ಹೆಸರು ಬೇಡ, ಮುಲುಂಡ್

ಉತ್ತರ: ಮೊದಲು ನಿಮ್ಮ ಮನೆಯವರ ಪ್ರಶ್ನೆ ತೆಗೆದುಕೊಳ್ಳೋಣ ತಂಗಿ. ಅದಕ್ಕೆ ಲೆಕ್ಕ ಇದೆ.

ಮುಂಬೈ ಮಕ್ಕಳು ಕೈಗೆ ಸಿಗುವುದು ಸಂಜೆ ಐದರಿಂದ ಎಂಟರವರೆಗೆ. ಅದಕ್ಕೂ ಮೊದಲು ಶಾಲೆ, ಟ್ಯೂಷನ್. ಆಮೇಲೆ ಊಟ, ಹೋಂವರ್ಕ್. ಅಂದರೆ ದಿನಕ್ಕೆ ಮೂರು ಬ್ಯಾಚು. ಒಂದು ಬ್ಯಾಚಿಗೆ ಐದು ಮಕ್ಕಳು; ಅದಕ್ಕಿಂತ ಜಾಸ್ತಿ ಆದರೆ ಯಾರ ದನಿ ಯಾರದು ಅಂತ ನನಗೆ ಗೊತ್ತಾಗುವುದಿಲ್ಲ. ಸೋಮವಾರ-ಗುರುವಾರ ಒಂದು ಗುಂಪು, ಮಂಗಳವಾರ-ಶುಕ್ರವಾರ ಇನ್ನೊಂದು. ಎಲ್ಲಾ ತುಂಬಿದರೆ ಮೂವತ್ತು ಮಕ್ಕಳು. ನಾನು ತಿಂಗಳಿಗೆ 1,200 ರೂಪಾಯಿ ತೆಗೆದುಕೊಳ್ಳುತ್ತೇನೆ. ಮೂವತ್ತಕ್ಕೆ 36,000 ಆಯಿತು. ಕೇಳಲು ಚೆನ್ನಾಗಿದೆ. ಆದರೆ ನನ್ನ ಮೂವತ್ತೈದು ವರ್ಷಗಳಲ್ಲಿ ಮೂವತ್ತೂ ತುಂಬಿದ್ದು ಎರಡೇ ಸಲ. ಇಪ್ಪತ್ತು ಅಂತ ಹಿಡಿಯಿರಿ. 24,000. ಇನ್ನು ಮೇ ತಿಂಗಳಲ್ಲಿ ಎಲ್ಲರೂ ಊರಿಗೆ. ಪರೀಕ್ಷೆ ಸಮಯದಲ್ಲಿ ಅರ್ಧ ತಿಂಗಳು, ಗಣಪತಿಗೆ ಹತ್ತು ದಿನ, ದೀಪಾವಳಿ, ಮಳೆಗೆ ಲೋಕಲ್ ನಿಂತ ದಿನಗಳು. ಎಲ್ಲಾ ಕಳೆದು ವರ್ಷಕ್ಕೆ ಹತ್ತು ತಿಂಗಳ ದುಡ್ಡು ಬಂದರೆ ಪುಣ್ಯ. ಎರಡು ಲಕ್ಷದ ನಲವತ್ತು ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಇಪ್ಪತ್ತು ಸಾವಿರ. ಈ ಇಪ್ಪತ್ತು ಮಕ್ಕಳು ಬರುವುದಕ್ಕೂ ಎರಡು ಮೂರು ವರ್ಷ ಬೇಕು. ಈಗ ನಿಮ್ಮ ಸಂಬಳದ ಚೀಟಿ ಪಕ್ಕದಲ್ಲಿಟ್ಟು ನೋಡಿ.

ಹೆದರಿಸುತ್ತಿಲ್ಲ. ನಾಳೆಯೇ ರಾಜೀನಾಮೆ ಕೊಡಬೇಡಿ ಅಂತ ಹೇಳುತ್ತಿದ್ದೇನೆ, ಅಷ್ಟೆ. ಶನಿವಾರ-ಭಾನುವಾರ ನಾಲ್ಕು ಮಕ್ಕಳಿಂದ ಶುರು ಮಾಡಿ. ಒಂದು ವರ್ಷ ಆದಮೇಲೂ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು ಕೇಳಿ ಖುಷಿಯಾದರೆ ಮುಂದಿನದು ಯೋಚಿಸಿ. ಹಾಡುವುದು ಇಷ್ಟ ಅಂದ ಮಾತ್ರಕ್ಕೆ ಕಲಿಸುವುದೂ ಇಷ್ಟವಾಗಬೇಕು ಅಂತೇನಿಲ್ಲ. ನನ್ನ ಜೊತೆ ಕಲಿತವರಲ್ಲಿ ನನಗಿಂತ ಎರಡು ಪಟ್ಟು ಚೆನ್ನಾಗಿ ಹಾಡುವವರಿದ್ದರು. ಒಂದೇ ಪಲ್ಟಾವನ್ನು, ಅಂದರೆ ಸ್ವರಗಳ ವರಸೆಯನ್ನು, ನಲವತ್ತನೇ ಸಲ ಕೇಳುವಾಗ ಅವರಿಗೆ ಮೈ ಉರಿಯುತ್ತಿತ್ತು.

ಇನ್ನು ಅತ್ತೆಯವರ ಮಾತು. ದೊಡ್ಡವರು, ಎದುರು ಮಾತಾಡಬೇಡಿ, ಈ ಪುಟ ತೋರಿಸಿ ಸಾಕು. ಅಮ್ಮಾ, ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತರು. ಕೊಡ ಹೊತ್ತು ನೀರು ತಂದರು, ಮನೆಗೆಲಸ ಮಾಡಿದರು. ಅದು ಫೀಸು ಅಲ್ವಾ? ದುಡ್ಡಿನ ಬದಲು ಬೆವರು, ಅಷ್ಟೇ ವ್ಯತ್ಯಾಸ. ಇವತ್ತು ನನ್ನ ಮನೆಗೆ ಬರುವ ಮಗುವಿನ ಕೈಲಿ ನಾನು ನೀರು ಹೊರಿಸುವಂತಿಲ್ಲ. ಪಾಲಿಕೆಯ ನಲ್ಲಿ ಇದೆ, ಅದಕ್ಕೆ ಬಿಲ್ಲು ಬರುತ್ತದೆ, ಬಿಲ್ಲು ಕಟ್ಟಲು ಫೀಸು ಬೇಕು.

ನನಗೂ ಫೀಸು ಕೇಳಲು ನಾಚಿಕೆ ಇತ್ತು. 1990ರಲ್ಲಿ ಮೊದಲ ಶಿಷ್ಯೆ ಬಂದಾಗ ತಿಂಗಳಿಗೆ 40 ರೂಪಾಯಿ ಅಂತ ಹೇಳಲು ನಾಲಿಗೆ ತಡವರಿಸಿತು. ಆಕೆಯ ತಾಯಿ ಎರಡು ತಿಂಗಳು ಕೊಟ್ಟರು. ಮೂರನೇ ತಿಂಗಳು ಒಂದು ಡಬ್ಬಿ ಪೇಡೆ ತಂದರು, "ಊರಿನದ್ದು, ನಿಮಗೆ ಅಂತಲೇ." ನಾಲ್ಕನೇ ತಿಂಗಳು ಚಕ್ಕುಲಿ. ನಾನು ಬಾಯಿ ತೆರೆಯಲೇ ಇಲ್ಲ. ಮನೆಯಲ್ಲಿ ನಮ್ಮವರು ಡಬ್ಬಿ ತೆರೆದು, "ಈ ತಿಂಗಳ ಹಾಲಿನವನಿಗೆ ಇದನ್ನೇ ಕೊಡೋಣವಾ?" ಅಂದರು. ಅವತ್ತು ಒಂದು ಡೈರಿ ತಂದೆ. ತಿಂಗಳ ಐದನೇ ತಾರೀಖಿನೊಳಗೆ ಫೀಸು, ರಜೆ ಹಾಕಿದರೂ ಪೂರ್ತಿ ಫೀಸು, ನಾನು ರಜೆ ಹಾಕಿದರೆ ಬದಲಿ ಕ್ಲಾಸು. ಮೊದಲ ದಿನವೇ ಹೇಳುತ್ತೇನೆ. ಪೇಡೆ ತಂದರೆ ಸಂತೋಷವಾಗಿ ತಿನ್ನುತ್ತೇನೆ. ಆದರೆ ಡೈರಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಪ್ರಶ್ನೆ: ಪಾಲಕರಿಗೆ ಬರೀ ಪರೀಕ್ಷೆ, ಸರ್ಟಿಫಿಕೇಟು. ನಾಲ್ಕು ರಾಗ ಗಿಳಿಪಾಠ ಮಾಡಿಸಿ ಪಾಸು ಮಾಡಿಸುವುದು ನನಗೆ ಹಿಡಿಸುವುದಿಲ್ಲ. ಹಳೆಯ ಗುರುಕುಲವೇ ಚೆನ್ನಾಗಿತ್ತು. ಪರೀಕ್ಷೆಗೆ ಕೂರಿಸುವುದಿಲ್ಲ ಅಂದರೆ ಮಕ್ಕಳು ಬಿಟ್ಟುಹೋಗುತ್ತಾರೆ. — ಒಬ್ಬ ಶಿಕ್ಷಕರು, ವಾಶಿ

ಉತ್ತರ: ವಾಶಿಯಲ್ಲೇ ಕೂತು ಪರೀಕ್ಷೆ ಬೈಯುತ್ತಿದ್ದೀರಿ ಸರ್! ಈ ಪರೀಕ್ಷೆ ನಡೆಸುವ ಗಾಂಧರ್ವ ಮಹಾವಿದ್ಯಾಲಯ ಮಂಡಲದ ದೊಡ್ಡ ಕಟ್ಟಡ ನಿಮ್ಮೂರಿನಲ್ಲೇ ಇದೆ.

ಹಳೆಯ ಗುರುಕುಲ ಯಾರಿಗೆ ಚೆನ್ನಾಗಿತ್ತು ಅಂತ ಸ್ವಲ್ಪ ಕೇಳಿಕೊಳ್ಳಬೇಕು. ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಇರಲು ಸಾಧ್ಯವಿದ್ದ ಹುಡುಗರಿಗೆ. ನನ್ನಂಥ ಪೋಸ್ಟ್ ಮಾಸ್ತರರ ಮಗಳಿಗೆ ಅಲ್ಲ. ವಿಷ್ಣು ದಿಗಂಬರ ಪಲುಸ್ಕರರು ಕುರುಂದವಾಡದವರು, ಮಿರಜಿನಲ್ಲಿ ಕಲಿತವರು. 1901ರಲ್ಲಿ ಲಾಹೋರಿನಲ್ಲಿ ಶಾಲೆ ತೆರೆದರು, 1908ರಲ್ಲಿ ಮುಂಬೈಗೆ ಬಂದರು. ಸ್ವರಲಿಪಿ ಇರುವ ಪುಸ್ತಕ, ತರಗತಿ, ವೇಳೆ ಎಲ್ಲಾ ಮಾಡಿದರು. ಸಾಧಾರಣ ಮನೆಯ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಹಾಡು ಕಲಿಯಲು ಹೊರಟಿದ್ದು ಇಂಥ ಶಾಲೆಗಳಿಂದ. ನಮ್ಮ ಬೆಳಗಾವಿ ಕಡೆಯ ಸುಳೇಭಾವಿಯ ಹುಡುಗ ಕುಮಾರ ಗಂಧರ್ವ ಮುಂಬೈಗೆ ಬಂದು ಕಲಿತದ್ದೂ ಒಂದು ಶಾಲೆಯಲ್ಲೇ. ಒಪೆರಾ ಹೌಸ್ ಹತ್ತಿರ ಬಿ. ಆರ್. ದೇವಧರರು ನಡೆಸುತ್ತಿದ್ದ ಶಾಲೆ. "ಕ್ಲಾಸು" ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಅಷ್ಟಾಗಿ ಆಗುವುದಿಲ್ಲ.

ಪರೀಕ್ಷೆಗೆ ಕೂರಿಸಿ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ ಅಂತ ಮೆಟ್ಟಿಲು ಇರುವುದು ಮಕ್ಕಳಿಗೆ ಒಳ್ಳೆಯದೇ. ಗುರುತಿಲ್ಲದವರ ಎದುರು ಕೂತು ಒಂದು ದಿನ ಹಾಡಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. ಆದರೆ ಯಾವಾಗ ಕೂರಿಸಬೇಕು ಅನ್ನುವುದು ನಿಮ್ಮ ಕೈಲಿ ಇರಲಿ. ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ. ಈ ಸಲ ಆಗದಿದ್ದರೆ ಮುಂದಿನ ಸಲ. ಒಬ್ಬ ತಾಯಿ ನನಗೆ, "ಬಾಜೂ ಬಿಲ್ಡಿಂಗಿನ ಹುಡುಗಿ ಮೂರು ಪರೀಕ್ಷೆ ಪಾಸು, ನಮ್ಮವಳು ಇನ್ನೂ ಭೂಪ್‌ನಲ್ಲೇ ಇದ್ದಾಳೆ" ಅಂದರು. ನಾನು ಮಗಳನ್ನು ಕರೆದು, ಪೇಟಿ ಮುಚ್ಚಿಟ್ಟು, ಬರೀ ತಂಬೂರಿ ಹಚ್ಚಿ ಹಾಡಿಸಿದೆ. ಭೂಪ್ ರಾಗಕ್ಕೆ ಐದೇ ಸ್ವರ. ಒಂದೂ ಜಾರಲಿಲ್ಲ. ತಾಯಿ ಸುಮ್ಮನಾದರು. ನಿಜ ಹೇಳಬೇಕೆಂದರೆ ಮುಂದಿನ ತಿಂಗಳು ಮತ್ತೆ ಅದೇ ಕೇಳಿದರು.

ಪ್ರಶ್ನೆ: ಕ್ಲಾಸಿನ ಸದ್ದಿಗೆ ಸೊಸೈಟಿಯಲ್ಲಿ ದೂರು ಕೊಟ್ಟಿದ್ದಾರೆ. — ಬೋರಿವಲಿ

ಉತ್ತರ: ದೂರು ಕೊಟ್ಟವರ ಮನೆಗೆ ನೀವೇ ಹೋಗಿ, ಯಾವ ಹೊತ್ತಿಗೆ ಕಷ್ಟ ಅಂತ ಕೇಳಿ. ನಮ್ಮ ಕೆಳಗಿನ ಮನೆಯವರು ರೈಲ್ವೆಯಲ್ಲಿ ರಾತ್ರಿ ಪಾಳಿ. ಮಧ್ಯಾಹ್ನ ಮಲಗುತ್ತಿದ್ದರು. ಮೂರೂವರೆಯ ಬ್ಯಾಚನ್ನು ಐದಕ್ಕೆ ತಳ್ಳಿದೆ, ತಬಲಾ ಕೆಳಗೆ ದಪ್ಪ ಕಂಬಳಿ ಹಾಕಿದೆ, ಜಗಳ ಮುಗಿಯಿತು. ಎರಡು ವರ್ಷದ ಮೇಲೆ ಲಿಫ್ಟಿನಲ್ಲಿ ಸಿಕ್ಕಾಗ, "ಟೀಚರ್, ಮಂಗಳವಾರದ ಹುಡುಗಿ ಅಂತರಾದಲ್ಲಿ ಪ್ರತಿ ಸಲ ಒಂದೇ ಕಡೆ ತಪ್ಪುತ್ತಾಳೆ, ನೀವು ಬಿಟ್ಟುಬಿಡ್ತೀರಿ" ಅಂದರು. ನೋಡಿದರೆ ನಿಜ. ಕೇಳಿ ಕೇಳಿ ನನ್ನ ಕಿವಿಗೆ ಅದು ರೂಢಿಯಾಗಿತ್ತು.

ಪ್ರಶ್ನೆ: ಹದಿಮೂರು ವರ್ಷದ ಹುಡುಗ. ನಾಲ್ಕು ವರ್ಷದಿಂದ ನನ್ನ ಹತ್ತಿರ ಕಲಿಯುತ್ತಿದ್ದಾನೆ. ತುಂಬಾ ಸೊಗಸಾದ ದನಿ. ಆರು ತಿಂಗಳಿಂದ ಮೇಲಿನ ಸಾ ಮುಟ್ಟುತ್ತಿಲ್ಲ, ದನಿ ಒಡೆಯುತ್ತದೆ. ಅವನ ತಾಯಿ, ನೀವು ಜಾಸ್ತಿ ಹಾಡಿಸಿ ದನಿ ಕೆಡಿಸಿದಿರಿ ಅನ್ನುತ್ತಾರೆ. — ಕೋಥ್ರೂಡ್, ಪುಣೆ

ಉತ್ತರ: ನೀವು ಕೆಡಿಸಿಲ್ಲ. ಅವನು ದೊಡ್ಡವನಾಗುತ್ತಿದ್ದಾನೆ. ಆ ವಯಸ್ಸಿನಲ್ಲಿ ಗಂಡುಮಕ್ಕಳ ಗಂಟಲಿನ ಗೂಡು ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸಪ್ತಕ, ಅಂದರೆ ಒಂದು ಸಾದಿಂದ ಅದರ ಕೆಳಗಿನ ಸಾದಷ್ಟು, ಕೆಳಗಿಳಿಯುತ್ತದೆ. ಒಬ್ಬನಿಗೆ ಕೆಲವೇ ತಿಂಗಳು, ಇನ್ನೊಬ್ಬನಿಗೆ ವರ್ಷಕ್ಕೂ ಮೇಲೆ. ತಾಯಿಗೆ ಇಷ್ಟನ್ನು ಹೇಳಿ. ಹುಡುಗನಿಗೆ ಅದಕ್ಕಿಂತ ಮೊದಲು ಹೇಳಿ, ಏಕೆಂದರೆ ಅವನು ಹೆದರಿರುತ್ತಾನೆ.

ಶ್ರುತಿ ಇಳಿಸಿ. ಹೋದ ವಾರದ ಶ್ರುತಿ ಈ ವಾರ ಹೊಂದದಿದ್ದರೆ ಮತ್ತೆ ಬದಲಿಸಿ. ನಡುವಿನ ನಾಲ್ಕೈದು ಸ್ವರಗಳಲ್ಲೇ ಮೆಲ್ಲಗೆ ಹಾಡಿಸಿ. ತಾರ ಸಪ್ತಕದ, ಅಂದರೆ ಮೇಲಿನ ಸ್ವರಗಳ, ಹಂಬಲ ಬೇಡ. ಆ ಹೊತ್ತಿನಲ್ಲಿ ತಾಳ ಕಲಿಸಿ, ಪೇಟಿ ಕಲಿಸಿ, ರಾಗ ಗುರುತಿಸುವ ಆಟ ಆಡಿಸಿ. ಪುಣೆಯಲ್ಲಿದ್ದೀರಿ, ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಕರೆದುಕೊಂಡು ಹೋಗಿ. 1953ರಲ್ಲಿ ಭೀಮಸೇನರು ಗುರುಗಳ ನೆನಪಿಗೆ ಶುರು ಮಾಡಿದ್ದು. ಗಂಡು ದನಿ ಎಷ್ಟು ಥರ ಇರಬಹುದು ಅಂತ ಹುಡುಗ ಕೂತು ಕೇಳಲಿ.

ಇದೆಲ್ಲ ಈಗ ಗೊತ್ತಿದೆ. 1997ರಲ್ಲಿ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳು. ಗೊತ್ತಿತ್ತು, ನೆನಪಾಗಲಿಲ್ಲ. ನಮ್ಮ ಬಿಲ್ಡಿಂಗಿನದೇ ಹುಡುಗ. ತಾರ ಸಪ್ತಕದ ಗಂಧಾರಕ್ಕೆ ಅವನ ದನಿ ಗಾಳಿಪಟ ಏರಿದ ಹಾಗೆ ಏರುತ್ತಿತ್ತು. ಗಣಪತಿ ಮಂಟಪದಲ್ಲಿ ಹಾಡುವುದಿತ್ತು. ಮೂರು ದಿನ ಮೊದಲು ತಾಲೀಮಿನಲ್ಲಿ ದನಿ ಒಡೆಯಿತು. ಎಲ್ಲಾ ಹುಡುಗಿಯರು ನಕ್ಕರು. ನಾನು ಅವರ ಬಾಯಿ ಮುಚ್ಚಿಸುವುದು ಬಿಟ್ಟು ಅವನಿಗೆ, "ರಿಯಾಜ್ ಮಾಡದೆ ಬಂದು ನನ್ನ ಮರ್ಯಾದೆ ತೆಗೆಯುತ್ತೀಯಾ?" ಅಂದೆ. ನನ್ನ ಮರ್ಯಾದೆ! ಅವನು ಪುಸ್ತಕ ಮುಚ್ಚಿ, ಚೀಲಕ್ಕೆ ಹಾಕಿ, ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲು ಇಳಿದುಹೋದ. ಮರುದಿನ ಬರಲಿಲ್ಲ. ನಾನೇ ಎರಡು ಮಹಡಿ ಇಳಿದು ಹೋಗಿ ಕರೆಯಬಹುದಿತ್ತು. ಹೋಗಲಿಲ್ಲ.

ಈಗ ಅವನಿಗೆ ಇಬ್ಬರು ಮಕ್ಕಳು. ಅದೇ ಬಿಲ್ಡಿಂಗು. ಈ ಓಣಿಯಲ್ಲಿ ತರಕಾರಿಯವನಿಂದ ಹಿಡಿದು ಎಲ್ಲರೂ ನನ್ನನ್ನು ಟೀಚರ್ ಅಂತಲೇ ಕರೆಯುತ್ತಾರೆ. ಅವನೊಬ್ಬ "ಆಂಟಿ" ಅನ್ನುತ್ತಾನೆ.

ಪ್ರಶ್ನೆ: ಕಲ್ಯಾಣದಿಂದ ಘಾಟ್ಕೋಪರ್‌ವರೆಗೆ ಮನೆ ಮನೆಗೆ ಹೋಗಿ ಕಲಿಸುತ್ತೇನೆ. ದಿನಕ್ಕೆ ಮೂರು ಮನೆ. ಸುಸ್ತಾಗಿ ಹೋಗುತ್ತದೆ. — ಕಲ್ಯಾಣ

ಉತ್ತರ: ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರುಗಳ ಹತ್ತಿರ ಕಲಿಯುತ್ತಿದ್ದರು. ಆಗ ಶಿಷ್ಯೆ ರೈಲು ಹತ್ತುತ್ತಿದ್ದರು, ಈಗ ಗುರು ಹತ್ತುತ್ತಾರೆ. ಕಾಲ ತಿರುಗಿತು ನೋಡಿ.

ಪ್ರಯಾಣವೂ ಕೆಲಸವೇ. ಮನೆಗೆ ಹೋಗಿ ಕಲಿಸಿದರೆ ಒಂದೂವರೆ ಪಟ್ಟು ಫೀಸು ಕೇಳಿ. ಒಂದೇ ಸ್ಟೇಷನ್ನಿನ ಮೂರು ಮನೆ ಒಂದೇ ದಿನಕ್ಕೆ ಜೋಡಿಸಿ, ಅಥವಾ ಅವರಲ್ಲೇ ಯಾರಾದರೂ ಒಬ್ಬರ ಮನೆಯಲ್ಲಿ ಮೂವರನ್ನೂ ಕೂರಿಸಿ. ಕ್ಲಾಸು ನಡೆಯುವಾಗ ಕೋಣೆಯ ಬಾಗಿಲು ತೆರೆದಿರಲಿ, ದೊಡ್ಡವರು ಒಬ್ಬರು ಮನೆಯಲ್ಲಿ ಇರಲಿ. ಅದು ನಿಮಗೂ ಒಳ್ಳೆಯದು, ಮಗುವಿಗೂ ಒಳ್ಳೆಯದು. ಮತ್ತೆ ಆ ಮನೆಯವರು ಕೊಡುವ ಚಹಾ ಕುಡಿಯಿರಿ, ಬೇಡ ಅನ್ನಬೇಡಿ. ಘಾಟ್ಕೋಪರಿನಲ್ಲಿ ಸಂಜೆ ಏಳರ ಗಾಡಿ ಹತ್ತಬೇಕಾದರೆ ಅದು ಬೇಕಾಗುತ್ತದೆ.

ಪ್ರಶ್ನೆ: ಸಂಜೆಯಾಗುವಷ್ಟರಲ್ಲಿ ನನ್ನ ದನಿ ಕಟ್ಟುತ್ತದೆ. ಒಂದು ತಿಂಗಳಾಯಿತು. ಜೇನುತುಪ್ಪ, ಶುಂಠಿ ಎಲ್ಲಾ ಆಯಿತು. — ಥಾಣೆ

ಉತ್ತರ: ಮೂರು ವಾರ ದಾಟಿದ ಮೇಲೆ ಶುಂಠಿಯ ಮಾತು ಸಾಕು. ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಿ. ದನಿಯನ್ನೇ ನಂಬಿ ಬದುಕುವವರಿಗೆ ಧ್ವನಿತಂತುಗಳ ಮೇಲೆ ಗಂಟು ಏಳುವುದು ಹೊಸದೇನಲ್ಲ. ಬೇಗ ಗೊತ್ತಾದರೆ ಎಷ್ಟೋ ಸಲ ವಿಶ್ರಾಂತಿ, ದನಿಯ ವ್ಯಾಯಾಮದಲ್ಲೇ ಸರಿಹೋಗುತ್ತದೆ. ಗಂಗೂಬಾಯಿಯವರ ದನಿ ಟಾನ್ಸಿಲ್ ಆಪರೇಷನ್ ಆದಮೇಲೆ ದಪ್ಪವಾಯಿತು, ಅದರಲ್ಲೇ ಅವರು ದೊಡ್ಡವರಾದರು ಅಂತ ಧೈರ್ಯ ಹೇಳುವವರು ಸಿಗುತ್ತಾರೆ. ಅವರು ಗಂಗೂಬಾಯಿ. ನಾವು ಡಾಕ್ಟರ ಹತ್ತಿರ ಹೋಗೋಣ.

ಕ್ಲಾಸಿನಲ್ಲಿ ಮಕ್ಕಳ ಜೊತೆ ಜೊತೆಗೆ ಹಾಡಬೇಡಿ. ನೀವು ಒಂದು ಸಲ ಹೇಳಿ, ಸುಮ್ಮನಾಗಿ, ಅವರು ಹೇಳಲಿ. ಜೊತೆಗೆ ಹಾಡಿದರೆ ನಿಮಗೆ ಗಂಟಲು ನೋವು, ಅವರ ತಪ್ಪು ನಿಮಗೆ ಕೇಳಿಸುವುದೂ ಇಲ್ಲ. ಹುಡುಗಿಯರ ಕಾಳಿ ಚಾರ್ (ಪೇಟಿಯ ನಾಲ್ಕನೇ ಕಪ್ಪು ಕೀ ಶ್ರುತಿಯ) ಬ್ಯಾಚಿನ ಬೆನ್ನಿಗೇ ಗಂಡಸರ ಕಾಳಿ ಏಕ್ (ಮೊದಲ ಕಪ್ಪು ಕೀ ಶ್ರುತಿಯ) ಬ್ಯಾಚು ಇಟ್ಟುಕೊಂಡಿದ್ದರೆ ನಡುವೆ ಅರ್ಧ ಗಂಟೆ ಬಿಡಿ.

ಪ್ರಶ್ನೆ: ಶಾಲೆಯಲ್ಲಿ ಸಂಗೀತ ಶಿಕ್ಷಕಿಯ ಕೆಲಸ ಸಿಗುವ ಹಾಗಿದೆ. ಸೇರಲಾ? — ಅಂಬರ್‌ನಾಥ್

ಉತ್ತರ: ಸೇರಿ, ತಿಂಗಳ ಸಂಬಳ ಅನ್ನುವುದು ದೊಡ್ಡ ಸಮಾಧಾನ. ಆದರೆ ಏನು ಸಿಗುತ್ತದೆ ಅಂತ ಗೊತ್ತಿರಲಿ. ಮೂವತ್ತೈದು ನಿಮಿಷ, ಐವತ್ತು ಮಕ್ಕಳು, ಒಂದು ಪೇಟಿ. ಅದರಲ್ಲಿ ಹಾಜರಿ ಹತ್ತು ನಿಮಿಷ. ಗಣಿತದ ಪಾಠ ಹಿಂದೆ ಬಿದ್ದರೆ ಸಂಗೀತದ ಪೀರಿಯಡ್ ಹೋಯಿತು. ಆಗಸ್ಟ್ ಹದಿನೈದು ಹತ್ತಿರ ಬಂದರೆ ಮಾತ್ರ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನಾನಿದ್ದ ಶಾಲೆಯಲ್ಲಿ ಸಂಗೀತದ ಕೋಣೆಯಲ್ಲೇ ಕ್ರಿಕೆಟ್ ಬ್ಯಾಟು, ಚುನಾವಣೆಯ ಪೆಟ್ಟಿಗೆ ಎಲ್ಲಾ ಇಡುತ್ತಿದ್ದರು. ಹನ್ನೊಂದು ವರ್ಷವೂ ಆ ಬ್ಯಾಟುಗಳ ಜೊತೆಗೇ ಯಮನ್ ರಾಗ ಹೇಳಿಕೊಟ್ಟೆ.

ಒಂದು ಉಪಾಯ ಮಾಡಿ. ಐವತ್ತು ಜನರಿಗೆ ರಾಗ ಕಲಿಸಲು ಹೋಗಬೇಡಿ. ಲಯ ಕಲಿಸಿ. ಚಪ್ಪಾಳೆಯಲ್ಲಿ ತೀನ್‌ತಾಲ ಹಾಕಲು ಐವತ್ತು ಜನರಿದ್ದರೇ ಮಜಾ.

ಪ್ರಶ್ನೆ: ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ದಾಸರ ಪದ ಕಲಿಸುವುದು ಹೇಗೆ? ಮರಾಠಿ ಅಭಂಗವೇ ಸಾಕಾ? — ಗೋರೆಗಾಂವ್

ಉತ್ತರ: ಎರಡೂ ಕಲಿಸಿ. ಪುರಂದರದಾಸರ ಅಂಕಿತ ಪುರಂದರ ವಿಠಲ, ತುಕಾರಾಮರ ದೇವರು ವಿಠ್ಠಲ. ಭೀಮಸೇನರು ದಾಸರ ಪದವನ್ನೂ ಹಾಡಿದರು, ಅಭಂಗವನ್ನೂ ಹಾಡಿದರು, ನಮಗೇಕೆ ಜಗಳ?

ನಾನು ಪದವನ್ನು ದೇವನಾಗರಿಯಲ್ಲಿ ಬರೆದುಕೊಡುತ್ತೇನೆ. ಅಲ್ಲಿ ಒಂದು ತೊಡಕು ಇದೆ. ಮರಾಠಿ ಬರೆಯುವಾಗ ಆ ಲಿಪಿಯಲ್ಲಿ ನಮ್ಮ ಹ್ರಸ್ವ ಎ, ಒ ಬಳಸುವುದಿಲ್ಲ. "ಕೊಡು" ಬರೆದರೆ ಮಗು "ಕೋಡು" ಅನ್ನುತ್ತದೆ. ದೇವರಿಗೆ ವರ ಕೊಡು ಅಂತ ಕೇಳುವ ಬದಲು ಕೋಡು ಕೇಳಿದ ಹಾಗೆ! ಅದಕ್ಕೆ ಹ್ರಸ್ವ ಇರುವ ಕಡೆ ಮೇಲೆ ಒಂದು ಕೆಂಪು ಚುಕ್ಕೆ ಇಡುತ್ತೇನೆ. ಇನ್ನೊಂದು, ಮರಾಠಿ ರೂಢಿಯ ಮಕ್ಕಳು ಕೊನೆಯ ಅಕಾರ ನುಂಗುತ್ತಾರೆ. ರಾಮ ಅಲ್ಲ, ರಾಮ್. ಕೊನೆಯ ಅಕ್ಷರದ ಮೇಲೆ ಒಂದು ಮಾತ್ರೆ ನಿಲ್ಲಿಸಿ ಅಭ್ಯಾಸ ಮಾಡಿಸಿ, ತಾನೇ ಸರಿಹೋಗುತ್ತದೆ. ಳಕಾರದ ಚಿಂತೆ ಬೇಡ, ಅದು ಅವರಲ್ಲೂ ಇದೆ. ಹೀಗೆ ಹದಿನೈದು ಪದ ಕಲಿತ ಒಬ್ಬ ಹುಡುಗಿ ಊರಿಗೆ ಹೋಗಿ ಅಜ್ಜಿಯನ್ನು, ಅಮ್ಮನ ಸಹಾಯವಿಲ್ಲದೆ, "ಅಜ್ಜಿ, ನಂಬಿ ಕೆಟ್ಟವರು ಅಂದ್ರೆ ಏನು?" ಅಂತ ಕನ್ನಡದಲ್ಲೇ ಕೇಳಿದಳಂತೆ. ಅಜ್ಜಿ ನನಗೆ ಒಂದು ಸೀರೆ ಕಳಿಸಿದರು. ಅದೂ ಡೈರಿಯಲ್ಲಿ ಬರೆದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನೆಂಟರ ಮಗುವಿಗೆ ಆನ್‌ಲೈನ್ ಕಲಿಸುತ್ತಿದ್ದೇನೆ. ಜೊತೆಗೆ ಹಾಡಿದರೆ ಹೊಂದುವುದೇ ಇಲ್ಲ. — ಚೆಂಬೂರ್

ಉತ್ತರ: ಹೊಂದುವುದಿಲ್ಲ, ದನಿ ಅಲ್ಲಿಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ನೀವು ಹಾಡಿ ನಿಲ್ಲಿಸಿ, ಆಮೇಲೆ ಅವಳು ಹಾಡಲಿ. ತಂಬೂರಿ ಅವಳ ಕಡೆಯೇ ಇರಲಿ. ಅವಳ ತಂಬೂರಿ ನಿಮಗೆ ಕೇಳಿಸದಿದ್ದರೆ, ಆ್ಯಪ್ ಅದನ್ನು ಫ್ಯಾನಿನ ಸದ್ದು ಅಂತ ತಿಳಿದು ಕತ್ತರಿಸುತ್ತಿದೆ. ಜೂಮ್‌ನಲ್ಲಾದರೆ "ಒರಿಜಿನಲ್ ಸೌಂಡ್" ಅನ್ನುವುದನ್ನು ಅವಳ ಕಡೆ ಒತ್ತಿಸಿ. ಇದನ್ನು ನನಗೆ ಕಲಿಸಿದ್ದು ಹನ್ನೊಂದು ವರ್ಷದ ಶಿಷ್ಯ.

ಪ್ರಶ್ನೆ: ಎಂಟು ವರ್ಷ ಕಲಿಸಿದ ಹುಡುಗಿ ಈಗ ದೊಡ್ಡ ಗುರುಗಳ ಹತ್ತಿರ ಹೋಗುತ್ತಾಳೆ. ಮೊನ್ನೆ ವೇದಿಕೆಯಲ್ಲಿ ನನ್ನ ಹೆಸರೇ ಹೇಳಲಿಲ್ಲ. — ಹೆಸರು ಬೇಡ, ಊರೂ ಬೇಡ

ಉತ್ತರ: ಮಲ್ಲಿಕಾರ್ಜುನ ಮನ್ಸೂರರು ಅಂದ ಕೂಡಲೇ ನಾವು ಜೈಪುರ-ಅತ್ರೌಲಿ ಘರಾಣೆ, ಅದರ ಗುರುಗಳು ಮಂಜಿಖಾನರು, ಭುರ್ಜಿಖಾನರು ಅನ್ನುತ್ತೇವೆ. ಅದಕ್ಕೂ ಮೊದಲು ಅವರಿಗೆ ಪಾಠ ಹೇಳಿದ ಮಿರಜಿನ ನೀಲಕಂಠ ಬುವಾರ ಹೆಸರು ಎಷ್ಟು ಜನರ ಬಾಯಲ್ಲಿ ಬರುತ್ತದೆ? ಮೊದಲು ಕಲಿಸಿದವರ ಪಾಡೇ ಹಾಗೆ.

ಹಾಗಂತ ಸಿಟ್ಟು ಬರಬಾರದು ಅನ್ನುವುದಿಲ್ಲ. ನನಗೂ ಹೀಗೇ ಆಗಿತ್ತು. ಒಂದು ತಿಂಗಳು ಆ ಹುಡುಗಿಯ ಫೋಟೋವನ್ನು ಗೋಡೆಯಿಂದ ತೆಗೆದಿಟ್ಟಿದ್ದೆ. ಆಮೇಲೆ ಡೈರಿ ತೆಗೆದು ನೋಡಿದೆ. ಎಂಟು ವರ್ಷದಲ್ಲಿ ಒಂದು ತಿಂಗಳ ಫೀಸೂ ಬಾಕಿ ಇಲ್ಲ. ಕೊಡಬೇಕಾದ್ದನ್ನು ಆ ಮನೆಯವರು ಕೊಟ್ಟಿದ್ದಾರೆ. ನನ್ನ ಹೆಸರು ಹೇಳುವುದು ಅದರಲ್ಲಿ ಸೇರಿರಲಿಲ್ಲ. ಫೋಟೋ ಮತ್ತೆ ಹಾಕಿದೆ, ಸ್ವಲ್ಪ ಕೆಳಗೆ.

ಪ್ರಶ್ನೆ: ಇಷ್ಟು ವರ್ಷದಲ್ಲಿ ನಿಮ್ಮ ಶಿಷ್ಯರು ಯಾರಾದರೂ ಹೆಸರು ಮಾಡಿದ್ದಾರಾ? ಇಲ್ಲದಿದ್ದರೆ ಈ ಕೆಲಸದಲ್ಲಿ ಸಿಗುವುದಾದರೂ ಏನು? — ಅಂಧೇರಿ

ಉತ್ತರ: ಇಲ್ಲ, ಯಾರೂ ಮಾಡಿಲ್ಲ. ಹತ್ತನೇ ಕ್ಲಾಸು ಬಂತೆಂದರೆ ಅರ್ಧ ಮಕ್ಕಳು ಬಿಡುತ್ತಾರೆ. "ಬೋರ್ಡ್ ಮುಗಿದ ಮೇಲೆ ಬರ್ತೀವಿ ಟೀಚರ್" ಅನ್ನುತ್ತಾರೆ. ಬರುವುದಿಲ್ಲ.

ಏನು ಸಿಗುತ್ತದೆ ಅಂದರೆ ಒಂದು ಗುರುವಾರ ಹೇಳುತ್ತೇನೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹೆಂಗಸು ಕಲಿಯಲು ಬಂದರು. ಬಾಲ್ಯದಿಂದ ಆಸೆ ಇತ್ತಂತೆ. ಸಾ ನಿಲ್ಲುತ್ತಿರಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಎಂಟು ತಿಂಗಳು. ತಂಬೂರಿಗೆ ಒಂದು ಕೂದಲು ಕೆಳಗೆ. ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಿದ್ದರು, ಒಬ್ಬರೇ. ನಾನು ಒಳಗೊಳಗೇ ಸೋತಿದ್ದೆ. ಫೀಸು ತೆಗೆದುಕೊಳ್ಳಲು ಕೂಡ ಒಂಥರಾ ಆಗುತ್ತಿತ್ತು. ಆ ಗುರುವಾರ ಎಲೆಕ್ಟ್ರಾನಿಕ್ ತಂಬೂರಿ ಹಚ್ಚಿದೆ, ಅವರು ಕಣ್ಣು ಮುಚ್ಚಿ ಸಾ ಹಿಡಿದರು. ಹಿಡಿದರು, ಮತ್ತೆ ಬಿಡಲಿಲ್ಲ. ನಾನು ಉಸಿರು ಬಿಗಿ ಹಿಡಿದು ಕೂತೆ. ಥಟ್ಟನೆ ಅವರು ನಿಲ್ಲಿಸಿ, ಕಣ್ಣು ಬಿಟ್ಟು, ಗಾಬರಿಯಿಂದ ಕೇಳಿದರು: "ಟೀಚರ್, ಕರೆಂಟ್ ಹೋಯ್ತಾ?"

ಕರೆಂಟ್ ಹೋಗಿರಲಿಲ್ಲ. ಅವರ ದನಿ ತಂಬೂರಿಯೊಳಗೆ ಸೇರಿಹೋಗಿತ್ತು. ಎರಡೂ ಬೇರೆ ಬೇರೆ ಕೇಳಿಸುವುದು ನಿಂತಾಗ ತಂಬೂರಿಯೇ ನಿಂತಿತು ಅಂದುಕೊಂಡರು.

ನಾವಿಬ್ಬರೂ ನಕ್ಕೆವು. ಮತ್ತೆ ಸಾ ಹಿಡಿಯಲು ಹೇಳಿದೆ, ಅವತ್ತು ಮತ್ತೆ ಬರಲಿಲ್ಲ. ಮುಂದಿನ ವಾರ ಬಂತು.

ಪ್ರಶ್ನೆ: ಗುರುಪೂರ್ಣಿಮೆಗೆ ನಮ್ಮ ಸಂಗೀತದ ಟೀಚರ್‌ಗೆ ಏನು ಉಡುಗೊರೆ ಕೊಟ್ಟರೆ ಖುಷಿಯಾಗುತ್ತದೆ? — ಮಕ್ಕಳ ತಾಯಂದಿರು, ಡೊಂಬಿವಲಿ

ಉತ್ತರ: ನೀವು ಯಾರ ಕ್ಲಾಸಿನವರು ಅಂತ ನನಗೆ ಅನುಮಾನ ಇದೆ, ಆದರೂ ಹೇಳುತ್ತೇನೆ. ಸರಸ್ವತಿ ಮೂರ್ತಿ ಬೇಡ, ನಮ್ಮ ಮನೆಯಲ್ಲಿ ಹದಿನಾಲ್ಕು ಇವೆ. ಶಾಲು ಬೇಡ, ಇದು ಡೊಂಬಿವಲಿ, ಚಳಿ ಎಲ್ಲಿದೆ? ಮಿರಜಿನ ತಂಬೂರಿಯ ಒಂದು ಸೆಟ್ ತಂತಿ ಕೊಟ್ಟರೆ ಯಾವ ಟೀಚರೂ ಬೇಡ ಅನ್ನುವುದಿಲ್ಲ. ಪೇಡೆಯೂ ಆಗಬಹುದು, ಧಾರವಾಡದ್ದಾದರೆ. ಜುಲೈ ತಿಂಗಳ ಫೀಸು ಬಾಕಿ ಇದ್ದರೆ ಅದು ಮೊದಲು.